ಭಾಷಾವರ್ಗವೂ ಜನಾಂಗವೂ: ರಿಸ್ಲೆಯವರ ವಿಂಗಡಣೆ
‘ದ್ರಾವಿಡ’ ಎಂಬ ಶಬ್ದವನ್ನು ಕಾಲ್ಡ್‌ವೆಲ್ಲರು 1856ರಲ್ಲಿ ಭಾಷಾವರ್ಗವೊಂದರ ಹೆಸರಾಗಿ ರೂಢಿಗೆ ತಂದರು. ಎಚ್. ಎಚ್. ರಿಸ್ಲೆಯವರ ‘ದಿ ಪೀಪಲ್ ಆಫ್ ಇಂಡಿಯಾ’ (1908) ಅದನ್ನೇ ಮೂಗು, ತಲೆಗಳ ಅಳತೆಯಿಂದ ನಿರ್ಣಯಿಸುವ ಜನಾಂಗದ ಹೆಸರಾಗಿ ಬಳಸುತ್ತದೆ. ಈ ಪಲ್ಲಟದ ದೋಷ ಆ ಗ್ರಂಥದಲ್ಲಿಯೇ ಗೋಚರಿಸುತ್ತದೆ. ದ್ರಾವಿಡ ನುಡಿಯನ್ನಾಡುವ ಕೊಡವರನ್ನೂ ಆರ್ಯನುಡಿಯನ್ನಾಡುವ ಮರಾಠಿ ಬ್ರಾಹ್ಮಣ, ಕುಣಬಿಗಳನ್ನೂ ರಿಸ್ಲೆಯವರು ‘ಸಿಥೋ-ದ್ರಾವಿಡ’ ಎಂಬ ಒಂದೇ ವರ್ಗದಲ್ಲಿರಿಸಿದ್ದಾರೆ. ನುಡಿಯ ಎಲ್ಲೆಗೂ ಅಳತೆಯ ಎಲ್ಲೆಗೂ ಹೊಂದಿಕೆಯಿಲ್ಲದಿರುವಾಗ ನುಡಿಯ ಹೆಸರು ದೇಹಕ್ಕೆ ಸಲ್ಲುವುದೆಂತು? ಮೂಗು ಅಗಲವಾದಷ್ಟೂ ಸಾಮಾಜಿಕ ಸ್ಥಾನ ಕೆಳಗೆಂಬ ಅವರ ಸೂತ್ರ ಜಾತಿಶ್ರೇಣಿಗೆ ವಿಜ್ಞಾನದ ಮುದ್ರೆಯೊತ್ತಿತು; ಉತ್ತರದ ಹಿಂದೂಸ್ತಾನದ ಹೊರಗೆ ಅದು ನಿಲ್ಲದೆಂದು ಜಿ. ಎಸ್. ಘುರ್ಯೆಯವರು 1932ರಲ್ಲಿ ವಾದಿಸಿದರು. ಆದುದರಿಂದ ಸಾಹಿತ್ಯಚರಿತ್ರೆಯಲ್ಲಿ ‘ದ್ರಾವಿಡ ಸಂಸ್ಕೃತಿ’ ಎಂದು ಬರೆಯುವ ನಾವು, ಹೇಳುತ್ತಿರುವುದು ಭಾಷೆಯನ್ನೋ ಜನಾಂಗವನ್ನೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.