ನಂಬಿಕೆಯ ಪರಿಷ್ಕಾರವೂ ಹರಿಕಥಾಮೃತಸಾರವೂ

ರಾಯಚೂರು ನಗರಕ್ಕೆ ಪಶ್ಚಿಮದಲ್ಲಿರುವ ದೇವದುರ್ಗ, ಮಾನ್ವಿಗಳ ಸೀಮೆಯು ಹರಿದಾಸರ ನೆಲೆವೀಡು. ಮಾನ್ವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತಪಾಂಡಿತ್ಯದ ಹೆಮ್ಮೆಯಿಂದ ವಿಜಯದಾಸರ ಕನ್ನಡ ಪದಗಳನ್ನು ಕಡೆಗಣಿಸಿದರೆಂದೂ, ಹೊಟ್ಟೆನೋವಿನ ನೆಪದಿಂದ ಅವರ ಆಹ್ವಾನವನ್ನು ತಪ್ಪಿಸಿಕೊಂಡು ನಿಜವಾಗಿಯೇ ಆ ನೋವಿಗೆ ತುತ್ತಾದರೆಂದೂ, ಮೊಸರಕಲ್ಲಿನ ಗೋಪಾಲದಾಸರಿಂದ ಗುಣಹೊಂದಿ ಜಗನ್ನಾಥದಾಸ (1728–1809) ರಾದರೆಂದೂ ಐತಿಹ್ಯವುಂಟು. ಪಂಡಿತನು ಅಳಿದು ಭಕ್ತನು ಹುಟ್ಟಿದನೆಂದು ಇದನ್ನು ವಿವರಿಸುವುದು ವಾಡಿಕೆ. ಆ ವಿವರಣೆಯು ವಿಚಾರಾರ್ಹವಾದುದು.

ತರ್ಕವನ್ನು ಆಶ್ರಯಿಸಿದ ಕೃತಕ ಬುದ್ಧಿಮತ್ತೆಯ ಶಾಸ್ತ್ರದಲ್ಲಿಯೂ ಇದೇ ಪ್ರಶ್ನೆಯುಂಟು: ಹೊಸ ಅರಿವು ಹಳೆಯದಕ್ಕೆ ವಿರುದ್ಧವಾದಾಗ ಯಾವುದನ್ನು ಬಿಡಬೇಕು? 1979ರಲ್ಲಿ ಜಾನ್ ಡಾಯ್ಲ್ ಅವರು ಒಂದೊಂದು ನಂಬಿಕೆಯೊಡನೆ ಅದರ ಆಧಾರವನ್ನೂ ಗಣಕದಲ್ಲಿ ಬರೆದಿಡುವ ಕ್ರಮವನ್ನು ಪ್ರಕಟಿಸಿದರು. ಆಧಾರವು ಬಿದ್ದರೆ ಅದನ್ನು ಮಾತ್ರ ನೆಮ್ಮಿದುದೂ ಬೀಳುವುದು. 1985ರಲ್ಲಿ ಆಲ್ಶುರಾನ್, ಗೇರ್ಡೆನ್‌ಫೋರ್ಸ್, ಮೇಕಿನ್ಸನ್ ಎಂಬ ಮೂವರು ಪರಿಷ್ಕಾರಕ್ಕೆ ನಿಯಮಗಳನ್ನು ರಚಿಸಿದರು. ಅವಶ್ಯವಾದುದಕ್ಕಿಂತ ಹೆಚ್ಚನ್ನು ಕಳೆಯಬಾರದೆಂಬುದೇ ಅವುಗಳ ಹಿಂದಿನ ತತ್ತ್ವ. ವಿರೋಧಕ್ಕೆ ಕಾರಣವಾದ ಅತ್ಯಲ್ಪ ಗುಂಪುಗಳನ್ನು ಹುಡುಕಿ, ಒಂದೊಂದರಿಂದಲೂ ಒಂದನ್ನಾದರೂ ತೆಗೆಯುವುದು ಗಣನೆಯ ಒಂದು ಮಾರ್ಗ.

ಐತಿಹ್ಯಕ್ಕೆ ಇದನ್ನು ಅನ್ವಯಿಸಬಹುದು. ಕನ್ನಡದಲ್ಲಿ ಹಾಡುವವನು ತತ್ತ್ವಜ್ಞನಲ್ಲ. ವಿಜಯದಾಸರು ಕನ್ನಡದಲ್ಲಿ ಹಾಡುವವರು: ಇವೆರಡು ಹಳೆಯ ನಂಬಿಕೆಗಳು. ವಿಜಯದಾಸರು ತತ್ತ್ವಜ್ಞರೆಂಬುದು ಹೊಸ ಅರಿವು. ಎರಡನೆಯದು ಪ್ರತ್ಯಕ್ಷಸಿದ್ಧವಾದುದರಿಂದ ಬಿಡತಕ್ಕುದು ಮೊದಲನೆಯದೊಂದೇ. ಮಧ್ವಸಿದ್ಧಾಂತವು ಆ ಗುಂಪಿಗೆ ಸೇರಿಯೇ ಇಲ್ಲ. ಆದುದರಿಂದ ಅದಕ್ಕೆ ಭಂಗವಿಲ್ಲ. ಹರಿಕಥಾಮೃತಸಾರವೇ ಇದಕ್ಕೆ ಸಾಕ್ಷಿ. ಭಾಮಿನೀಷಟ್ಪದಿಯ 32 ಸಂಧಿಗಳಲ್ಲಿ ತಾರತಮ್ಯ, ಬಿಂಬಪ್ರತಿಬಿಂಬಭಾವ ಮೊದಲಾದ ಶಾಸ್ತ್ರವಿಷಯಗಳು ಸಂಸ್ಕೃತ ಪರಿಭಾಷೆಯೊಡನೆಯೇ ಬಂದಿವೆ. ಪಂಡಿತನು ಅಳಿಯಲಿಲ್ಲ, ಅವನ ಒಂದು ತಪ್ಪೆಣಿಕೆ ಮಾತ್ರ ಅಳಿಯಿತು.

ಆದರೆ ಐತಿಹ್ಯವು ಶಾಸ್ತ್ರದ ಒಂದು ಕೊರತೆಯನ್ನೂ ತೋರಿಸುತ್ತದೆ. ಯಾವ ನಂಬಿಕೆಯು ಹೆಚ್ಚು ಬೇರೂರಿದುದು, ಯಾವುದು ಸಡಿಲವಾದುದು ಎಂಬ ತರತಮವನ್ನು ಕೇವಲ ತರ್ಕವು ಕೊಡಲಾರದು. ಅದು ಹೊರಗಿನಿಂದ ಬರಬೇಕು. ಹೊಸ ಅರಿವನ್ನೇ ತಳ್ಳಿಹಾಕಿದರೂ ವಿರೋಧವು ತಪ್ಪುವುದು. ಆಚಾರ್ಯರು ಮೊದಲು ಮಾಡಿದುದೂ ಅದನ್ನೇ. ಹೊಟ್ಟೆನೋವು ಯಾವ ನಂಬಿಕೆಯನ್ನೂ ಖಂಡಿಸುವ ಪ್ರಮಾಣವಲ್ಲ. ಅದು ಕಿವಿಗೊಡುವ ವಿನಯವನ್ನು ಮಾತ್ರ ತಂದುಕೊಟ್ಟಿತು. ಗಣಕವು ಕೊಟ್ಟ ತರತಮದಂತೆ ಲೆಕ್ಕಮಾಡಬಲ್ಲುದು. ಆ ತರತಮವನ್ನೇ ಮರುವಿಮರ್ಶೆಗೆ ಒಡ್ಡುವುದು ಮತ್ತೊಂದು ಸಮಸ್ಯೆ. ಹರಿಕಥಾಮೃತಸಾರವನ್ನು ಪಾಠಹೇಳುವವರು ಕವಿಯು ಬಿಟ್ಟುದನ್ನು ಹೇಳಿದಷ್ಟೇ ಆಸ್ಥೆಯಿಂದ ಉಳಿಸಿಕೊಂಡುದನ್ನೂ ತೋರಿಸುವುದು ಉಚಿತವಾದುದು.