ದಾನಿಯಿಲ್ಲದ ದಾನ

ರೋಗದ ಮೂಲವನ್ನು ಜೀವಕೋಶದೊಳಗೆ, ಅಲ್ಲಿಯ ಅಣುಗಳ ವ್ಯಾಪಾರದಲ್ಲಿ ಅರಸುವ ವಿಜ್ಞಾನವು ಕಳೆದ ಏಳೆಂಟು ದಶಕಗಳಲ್ಲಿ ಬೆಳೆದುಬಂದ ಬಗೆ ಬೆರಗು ಹುಟ್ಟಿಸುವಂಥದು. ಅದರ ಫಲವನ್ನು ಲಸಿಕೆಯಾಗಿ, ಔಷಧವಾಗಿ ಉಣ್ಣದ ಮನೆ ಇಲ್ಲವೆನ್ನಬಹುದು. ಆದರೆ ಆ ವಿಜ್ಞಾನಕ್ಕೆ ಬೇಕಾದ ಜೀವಕೋಶಗಳು ಯಾರ ಶರೀರದಿಂದ ಬಂದವು, ಅವನ್ನು ಕೇಳಿ ಪಡೆದರೇ ಎಂದು ವಿಚಾರಿಸಿದವರು ವಿರಳ. ಅಮೆರಿಕದ ಲೇಖಕಿ ರೆಬೆಕಾ ಸ್ಕ್ಲೂಟ್ ಅವರು 2010ರಲ್ಲಿ ಪ್ರಕಟಿಸಿದ ‘ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟಾ ಲ್ಯಾಕ್ಸ್’ ಎಂಬ ಇಂಗ್ಲಿಷ್ ಗ್ರಂಥವು ಈ ವಿಚಾರಣೆಯನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಂಡಿದೆ. ಹತ್ತು ವರ್ಷಗಳಿಗೂ ಮೀರಿದ ಶೋಧನೆಯ ಫಲವಾದ ಈ ಕೃತಿ ದಾನವೆಂದರೇನು ಎಂಬುದನ್ನು ಮತ್ತೊಮ್ಮೆ ಯೋಚಿಸುವಂತೆ ಮಾಡುತ್ತದೆ. ದಾನವನ್ನು ಗೃಹಸ್ಥನ ಕರ್ತವ್ಯವೆಂದು ಬಗೆಯುವ ಮನೆತನಗಳೂ ಆಸ್ಪತ್ರೆ, ಔಷಧಾಲಯಗಳಿಗೆ ನೆರವು ನೀಡುವ ಟ್ರಸ್ಟುಗಳೂ ಇದನ್ನು ಗಮನಿಸಬೇಕಾದುದು ಆ ಕಾರಣದಿಂದ.

ಹೆನ್ರಿಯೆಟಾ ಲ್ಯಾಕ್ಸ್ 1920ರಲ್ಲಿ ವರ್ಜೀನಿಯಾ ರಾಜ್ಯದಲ್ಲಿ ಹುಟ್ಟಿ, ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಬೆಳೆದ ಕಪ್ಪು ಜನಾಂಗದ ಹೆಣ್ಣುಮಗಳು. ಐವರು ಮಕ್ಕಳ ತಾಯಿ. 1951ರ ಜನವರಿಯಲ್ಲಿ ಆಕೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಾಗ ಗರ್ಭಕಂಠದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಕರಿಯರಿಗೆಂದು ಬೇರೆಯೇ ವಾರ್ಡುಗಳಿದ್ದ ಕಾಲವದು. ರೇಡಿಯಂ ಚಿಕಿತ್ಸೆಗಾಗಿ ಆಕೆಗೆ ಪ್ರಜ್ಞೆ ತಪ್ಪಿಸಿದ್ದ ವೇಳೆಯಲ್ಲಿ ಶಸ್ತ್ರವೈದ್ಯರು ಗಡ್ಡೆಯಿಂದ ಒಂದು ಚೂರನ್ನೂ ಆರೋಗ್ಯವಾಗಿದ್ದ ಭಾಗದಿಂದ ಇನ್ನೊಂದು ಚೂರನ್ನೂ ತೆಗೆದು, ಅದೇ ಸಂಸ್ಥೆಯ ಜಾರ್ಜ್ ಗೈ ಅವರ ಪ್ರಯೋಗಾಲಯಕ್ಕೆ ಕಳುಹಿಸಿದರು. ಆಕೆಯನ್ನು ಕೇಳಲಿಲ್ಲ, ತೆಗೆದ ಮೇಲೂ ಹೇಳಲಿಲ್ಲ. ಆರೋಗ್ಯವಾಗಿದ್ದ ಭಾಗದ ಕೋಶಗಳು ಸತ್ತುಹೋದವು. ಗಡ್ಡೆಯ ಕೋಶಗಳು ಮಾತ್ರ ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಬೆಳೆದವು. ಆಕೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅವಕ್ಕೆ ‘ಹೀಲಾ’ ಎಂದು ಹೆಸರಿಟ್ಟರು. ಅದೇ ವರ್ಷ ಅಕ್ಟೋಬರ್ 4ರಂದು ಹೆನ್ರಿಯೆಟಾ ತಮ್ಮ 31ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹುಟ್ಟೂರಿನ ಕಡೆ ಆಕೆಯನ್ನು ಹೂಳಿದ ಸ್ಥಳದಲ್ಲಿ 2010ರವರೆಗೆ ಒಂದು ಕಲ್ಲೂ ಇರಲಿಲ್ಲ.

ಮನುಷ್ಯರ ಜೀವಕೋಶಗಳನ್ನು ಗಾಜಿನ ನಳಿಕೆಯಲ್ಲಿ ನಿರಂತರವಾಗಿ ಬೆಳೆಸುವುದು ಅದುವರೆಗೆ ಯಾರಿಗೂ ಸಾಧ್ಯವಾಗಿರಲಿಲ್ಲ. ಹೀಲಾ ಕೋಶಗಳಿಂದ ಅದು ಸಾಧ್ಯವಾಯಿತು. ಪೋಲಿಯೊ ಲಸಿಕೆಯ ಪರೀಕ್ಷೆಗಾಗಿ ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿ 1953ರಿಂದ ಅವನ್ನು ರಾಶಿರಾಶಿಯಾಗಿ ಬೆಳೆಸಲಾಯಿತು. ಕಪ್ಪು ಜನಾಂಗದ ನೂರಾರು ಪುರುಷರಿಗೆ ಸಿಫಿಲಿಸ್ ರೋಗದ ಚಿಕಿತ್ಸೆಯನ್ನು ಬೇಕೆಂದೇ ನಿರಾಕರಿಸಿ, ರೋಗದ ಗತಿಯನ್ನು ನೋಡುತ್ತ ಕುಳಿತ ಸರಕಾರಿ ಅಧ್ಯಯನವೂ ಅದೇ ಕಾಲದಲ್ಲಿ ಅದೇ ಸ್ಥಳದಲ್ಲಿ ನಡೆಯುತ್ತಿತ್ತು. ಒಂದೇ ಆವರಣದ ಈ ಎರಡು ಮುಖಗಳನ್ನು ಲೇಖಕಿ ಅಬ್ಬರವಿಲ್ಲದೆ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ದಾರೆ.

ಗ್ರಂಥದ ಬಹುದೊಡ್ಡ ಗುಣ ಅದರ ನ್ಯಾಯದೃಷ್ಟಿ. ಇಂಥ ಕಥೆಯಲ್ಲಿ ಒಬ್ಬ ಖಳನನ್ನು ನಿಲ್ಲಿಸುವುದು ಸುಲಭ. ಸ್ಕ್ಲೂಟ್ ಅವರು ಆ ಸುಲಭದ ಹಾದಿಯನ್ನು ಹಿಡಿದಿಲ್ಲ. ಬಡರೋಗಿಗಳಿಂದ ಹೀಗೆ ಅಂಗಾಂಶ ತೆಗೆಯುವುದು ಆ ಕಾಲದ ವಾಡಿಕೆಯಾಗಿತ್ತೆಂಬುದನ್ನೂ, ಗೈ ಅವರು ಹೀಲಾ ಕೋಶಗಳನ್ನು ಮಾರದೆ ಕೇಳಿದ ಸಂಶೋಧಕರಿಗೆಲ್ಲ ಉಚಿತವಾಗಿ ಹಂಚಿದರೆಂಬುದನ್ನೂ ಆಕೆ ಮರೆಮಾಚುವುದಿಲ್ಲ. ಹಣ ಮಾಡಿದವರು ತರುವಾಯ ಬಂದ ವ್ಯಾಪಾರಿ ಸಂಸ್ಥೆಗಳವರು. ಗೈ ಅವರಿಗೇ 1970ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತಗುಲಿದಾಗ, ತಮ್ಮ ಗಡ್ಡೆಯಿಂದ ಕೋಶಗಳನ್ನು ತೆಗೆದು ಬೆಳೆಸಬೇಕೆಂದು ಅವರು ಶಸ್ತ್ರಚಿಕಿತ್ಸೆಗೆ ಮುನ್ನ ಆಗ್ರಹಪಡಿಸಿದ್ದರು. ರೋಗ ಮಿತಿಮೀರಿ ಹರಡಿದ್ದನ್ನು ಕಂಡ ವೈದ್ಯರು ಏನನ್ನೂ ತೆಗೆಯದೆ ಗಾಯವನ್ನು ಹೊಲಿದುಬಿಟ್ಟರು. ಅರಿತು, ಒಪ್ಪಿ, ತಾನಾಗಿ ಕೊಡಬಂದವರಿಂದ ಕೊಳ್ಳಲಾಗಲಿಲ್ಲ. ಕೊಳ್ಳಲಾದದ್ದು ಏನನ್ನೂ ಅರಿಯದವರಿಂದ. ಗ್ರಂಥದಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಯುವ ಈ ಪ್ರಸಂಗವು ಇಡೀ ಕೃತಿಯ ನೈತಿಕ ಪ್ರಶ್ನೆಯನ್ನು ತನ್ನಲ್ಲಿ ಅಡಗಿಸಿಕೊಂಡಿದೆ.

ಹೆನ್ರಿಯೆಟಾ ಅವರನ್ನು ಕುರಿತ ಪ್ರಶಂಸೆಗಳಲ್ಲೆಲ್ಲ ಆಕೆ ಲೋಕಕ್ಕೆ ನೀಡಿದ ‘ಕೊಡುಗೆ’ಯ ಮಾತು ಬರುತ್ತದೆ. ಈ ಮಾತು ಪರಿಶೀಲನೆಗೆ ಅರ್ಹವಾದುದು. ದಾನದಲ್ಲಿ ವಸ್ತು ಮುಖ್ಯ, ಪಡೆಯುವ ಪಾತ್ರನ ಯೋಗ್ಯತೆ ಮುಖ್ಯ, ಕೊಡುವ ವಿಧಾನ ಮುಖ್ಯ. ಇವೆಲ್ಲಕ್ಕೂ ಮಿಗಿಲಾಗಿ ಕೊಡುವವನ ಭಾವ ಮುಖ್ಯ. ಹೆನ್ರಿಯೆಟಾ ಅವರ ಸಂಗತಿಯಲ್ಲಿ ವಸ್ತುವಿತ್ತು, ಅದನ್ನು ಸಾರ್ಥಕಪಡಿಸಿದ ಯೋಗ್ಯರೂ ಇದ್ದರು. ಕೊಟ್ಟವರು ಮಾತ್ರ ಇರಲಿಲ್ಲ. ಕೊಡದುದನ್ನು ಕೊಂಡು, ಅದರಿಂದ ಲೋಕಕ್ಕೆ ಉಪಕಾರವಾಯಿತೆಂಬ ಕಾರಣದಿಂದ ಅದನ್ನು ದಾನವೆಂದು ಕರೆದರೆ, ಕೊಂಡವರ ಲೋಪವನ್ನು ಕಳೆದುಕೊಂಡವರ ಪುಣ್ಯದಿಂದ ಮುಚ್ಚಿದಂತಾಗುತ್ತದೆ. ಫಲ ಒಳ್ಳೆಯದಾದ ಮಾತ್ರಕ್ಕೆ ಅದತ್ತಾದಾನವು ದಾನವಾಗದು. ಹೀಗೆ ಹೇಳಿದರೆ ವಿಜ್ಞಾನವನ್ನು ಹಳಿದಂತಲ್ಲ. ಕೇಳಿದ್ದರೆ ಆಕೆ ಕೊಡುತ್ತಿದ್ದಿರಲೂಬಹುದು. ಹಾಗೆ ಕೊಟ್ಟು ದಾನಿಯಾಗುವ ಅವಕಾಶವನ್ನೇ ಆಕೆಯಿಂದ ಕಸಿದುಕೊಂಡದ್ದು ಇಲ್ಲಿಯ ನಿಜವಾದ ನಷ್ಟ.

ಎರಡನೆಯ ಅನ್ಯಾಯ ಇದಕ್ಕಿಂತ ದೀರ್ಘವಾದುದು. ತಾಯಿಯ ಕೋಶಗಳು ಪ್ರಯೋಗಾಲಯಗಳಲ್ಲಿ ಬದುಕಿವೆಯೆಂಬ ಸುದ್ದಿ ಮನೆಯವರಿಗೆ ತಿಳಿದದ್ದು 1973ರಲ್ಲಿ, ಅದೂ ಆಕಸ್ಮಿಕವಾಗಿ. ಅದೇ ಕಾಲದಲ್ಲಿ ಸಂಶೋಧಕರು ಬಂದು ಮಕ್ಕಳ ರಕ್ತವನ್ನು ತೆಗೆದುಕೊಂಡರು. ಇತರ ಕೋಶಗಳೊಡನೆ ಬೆರೆತುಹೋಗಿದ್ದ ಹೀಲಾ ಕೋಶಗಳನ್ನು ಗುರುತಿಸಲು ಅದು ಅವರಿಗೆ ಬೇಕಾಗಿತ್ತು. ತಾಯಿಗೆ ಬಂದ ಕ್ಯಾನ್ಸರ್ ತಮಗೂ ಇದೆಯೇ ಎಂದು ಪರೀಕ್ಷಿಸುತ್ತಿದ್ದಾರೆಂದು ಮಗಳು ಡೆಬೋರಾ ಭಾವಿಸಿದರು. ಬಾರದ ಫಲಿತಾಂಶಕ್ಕಾಗಿ ಆಕೆ ಕಾದರು. ತಾಯಿಯ ಕೋಶಗಳಿಗೆ ವಿಷ ಉಣಿಸಿದಾಗ, ರೋಗ ತಗುಲಿಸಿದಾಗ ತಾಯಿಗೆ ನೋವಾಗುವುದೇ ಎಂಬ ಚಿಂತೆ ಆಕೆಯನ್ನು ಬಹುಕಾಲ ಕಾಡಿತು. ಜೀವಕೋಶವೆಂದರೇನು ಎಂದು ಅರ್ಥವಾಗುವಂತೆ ಹೇಳಿದವರೇ ಇರಲಿಲ್ಲ. ಕೊನೆಗೆ 2001ರಲ್ಲಿ ಹಾಪ್ಕಿನ್ಸ್‌ನ ಸಂಶೋಧಕ ಕ್ರಿಸ್ಟೋಫ್ ಲೆಂಗೌರ್ ಅವರು ಡೆಬೋರಾ ಮತ್ತು ಆಕೆಯ ತಮ್ಮನನ್ನು ತಮ್ಮ ಪ್ರಯೋಗಾಲಯಕ್ಕೆ ಕರೆದು, ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳನ್ನು ತೋರಿಸಿ, ತಾಳ್ಮೆಯಿಂದ ವಿವರಿಸಿದರು. ತಾಯಿ ತೀರಿಕೊಂಡಾಗ ಎರಡು ವರ್ಷವೂ ತುಂಬಿರದ ಮಗಳು ಐವತ್ತು ವರ್ಷಗಳ ತರುವಾಯ ಪಡೆದ ಆ ವಿವರಣೆಗೆ ಖರ್ಚಾದದ್ದು ಒಂದು ದಿನದ ಕೆಲವು ಗಂಟೆಗಳು. ಗ್ರಂಥದ ಅತ್ಯಂತ ಮನಕರಗಿಸುವ ಭಾಗವಿದು. ಅತ್ಯಂತ ನಾಚಿಕೆ ಹುಟ್ಟಿಸುವ ಭಾಗವೂ ಇದೇ.

ಕೃತಿಯಲ್ಲಿ ಕೊರತೆಗಳಿಲ್ಲದಿಲ್ಲ. ಮೊದಲನೆಯದು, ಈ ಕೋಶಗಳು ಏಕೆ ಸಾಯುವುದಿಲ್ಲ ಎಂಬುದರ ವಿವರಣೆಗೆ ಒಂದು ಕಿರು ಅಧ್ಯಾಯವಷ್ಟೇ ಸಂದಿದೆ. ಸಾಧಾರಣ ಕೋಶವು ಪ್ರಯೋಗಾಲಯದಲ್ಲಿ ಸುಮಾರು 50 ಸಲ ವಿಭಜನೆಗೊಂಡು ನಿಲ್ಲುತ್ತದೆಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ಪ್ರತಿ ವಿಭಜನೆಯಲ್ಲೂ ವರ್ಣತಂತುಗಳ ತುದಿ ಸವೆಯುತ್ತದೆ. ಹೀಲಾ ಕೋಶಗಳಲ್ಲಿ ಆ ತುದಿಗಳನ್ನು ಮರಳಿ ಕಟ್ಟುವ ಟೆಲೊಮರೇಸ್ ಎಂಬ ಕಿಣ್ವ ಎಚ್ಚತ್ತಿದೆ. 1980ರ ದಶಕದಲ್ಲಿ ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್ ಅವರ ತಂಡವು ಈ ಕೋಶಗಳೊಳಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ 18ನೆಯ ಬಗೆಯನ್ನು ಪತ್ತೆಹಚ್ಚಿತು. ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಪಿ53 ಎಂಬ ಪ್ರೋಟೀನನ್ನು ಈ ವೈರಸ್ಸಿನ ಒಂದು ಪ್ರೋಟೀನು ನಾಶಪಡಿಸುತ್ತದೆ; ಮಿತಿಮೀರಿದ ವಿಭಜನೆಗೆ ಕಡಿವಾಣವಾದ ಆರ್‌ಬಿ ಎಂಬ ಪ್ರೋಟೀನನ್ನು ಇನ್ನೊಂದು ನಿಷ್ಕ್ರಿಯಗೊಳಿಸುತ್ತದೆ. ಕಾವಲುಗಾರನೂ ಇಲ್ಲ, ಕಡಿವಾಣವೂ ಇಲ್ಲ. ಈ ರೋಗದ ಮೂಲ ವೈರಸ್ಸಿನಲ್ಲಿದೆಯೆಂಬ ತಿಳಿವಳಿಕೆಯಿಂದ 2006ರಲ್ಲಿ ಲಸಿಕೆ ಬಳಕೆಗೆ ಬಂತು. 2008ರಲ್ಲಿ ತ್ಸೂರ್ ಹೌಸೆನ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ತಾಯಿಯನ್ನು ಕೊಂದ ರೋಗದಿಂದ ಇಂದಿನ ಹೆಣ್ಣುಮಕ್ಕಳನ್ನು ಕಾಪಾಡುವ ಉಪಾಯ ದೊರೆತದ್ದು ಈ ಮಾರ್ಗದಲ್ಲಿ. ಮಗಳಿಗೆ ತಿಳಿಸಿ ಹೇಳಬೇಕಾಗಿದ್ದದ್ದು ಇದನ್ನೇ. ಇಷ್ಟು ಮಹತ್ವದ ಭಾಗವನ್ನು ಸಂಕ್ಷೇಪಿಸಿದ್ದರಿಂದ ವಾಚಕರಿಗೆ ಕೋಶಗಳ ಪವಾಡ ಕಾಣುತ್ತದೆಯೇ ಹೊರತು ಕಾರ್ಯಕಾರಣ ಸಂಬಂಧ ಸ್ಪಷ್ಟವಾಗುವುದಿಲ್ಲ. ಗ್ರಂಥದ ಹೆಸರಿನಲ್ಲಿರುವ ‘ಅಮರ’ವೆಂಬ ಅರ್ಥದ ಪದವೂ ಡೆಬೋರಾ ಅವರನ್ನು ಕಂಗೆಡಿಸಿದ ಭ್ರಾಂತಿಯನ್ನೇ ಬೆಳೆಸುವಂತಿದೆ. ಉಳಿದಿರುವುದು ಹತೋಟಿ ತಪ್ಪಿದ ಕ್ಯಾನ್ಸರ್ ಕೋಶ; ಹೆನ್ರಿಯೆಟಾ ಅವರ ಬದುಕಲ್ಲ.

ಎರಡನೆಯ ಕೊರತೆ ಇನ್ನೂ ಸೂಕ್ಷ್ಮವಾದುದು. ಕುಟುಂಬದ ಖಾಸಗಿ ನೋವುಗಳನ್ನೂ, ಮಾನಸಿಕ ಆಸ್ಪತ್ರೆಯಲ್ಲಿ ಸತ್ತ ಹಿರಿಯ ಮಗಳ ದುರ್ದೆಸೆಯನ್ನೂ ಲೇಖಕಿ ಬಹಿರಂಗವಾಗಿ ಬಿಚ್ಚಿಟ್ಟಿದ್ದಾರೆ. ಡೆಬೋರಾ ಅವರ ಸಮ್ಮತಿ ಇದ್ದಿತಾದರೂ ಕುಟುಂಬವೆಂದರೆ ಒಬ್ಬರೇ ಅಲ್ಲ. 2017ರಲ್ಲಿ ಈ ಕಥೆ ಚಲನಚಿತ್ರವಾದ ವೇಳೆಗೆ ಮನೆಯ ಕೆಲವರು ತಮ್ಮ ಅಸಮಾಧಾನವನ್ನು ಬಹಿರಂಗಪಡಿಸಿದರು. ಪರರಿಂದ ಕೇಳದೆ ಕೊಳ್ಳುವುದನ್ನು ಖಂಡಿಸುವ ಕೃತಿ ತನ್ನನ್ನೂ ಅದೇ ಒರೆಗಲ್ಲಿಗೆ ಹಚ್ಚಿಕೊಳ್ಳಬೇಕಾಗಿತ್ತು. ಗ್ರಂಥದ ವರಮಾನದಲ್ಲಿ ಒಂದು ಪಾಲನ್ನಿಟ್ಟು ಲೇಖಕಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದ್ದು ಶ್ಲಾಘ್ಯವಾದರೂ, ಆ ಪ್ರಶ್ನೆಗೆ ಅದು ಪೂರ್ಣ ಉತ್ತರವಲ್ಲ.

ಗ್ರಂಥ ಹೊರಬಂದ ಮೇಲೆ ಘಟನೆಗಳು ನಿಲ್ಲಲಿಲ್ಲ. 2013ರ ಮಾರ್ಚ್‌ನಲ್ಲಿ ಯುರೋಪಿನ ಸಂಶೋಧಕರು ಹೀಲಾ ಕೋಶಗಳ ಸಂಪೂರ್ಣ ವಂಶವಾಹಿ ಲಿಪಿಯನ್ನು ಕುಟುಂಬವನ್ನು ಕೇಳದೆಯೇ ಪ್ರಕಟಿಸಿ, ಆಕ್ಷೇಪ ಬಂದಾಗ ಹಿಂತೆಗೆದುಕೊಂಡರು. ಅದೇ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, ಆ ಮಾಹಿತಿಯನ್ನು ಯಾರಿಗೆ ಕೊಡಬೇಕೆಂದು ಪರಿಶೀಲಿಸುವ ಸಮಿತಿಯಲ್ಲಿ ಕುಟುಂಬದ ಇಬ್ಬರಿಗೆ ಸ್ಥಾನ ನೀಡಿತು. ಕೋಶಗಳಿಂದ ಲಾಭ ಪಡೆದ ಥರ್ಮೊ ಫಿಷರ್ ಕಂಪನಿಯ ಮೇಲೆ 2021ರಲ್ಲಿ ಹೆನ್ರಿಯೆಟಾ ಅವರ ವಾರಸುದಾರರು ಹೂಡಿದ ದಾವೆಯು 2023ರ ಆಗಸ್ಟ್‌ನಲ್ಲಿ ಗೋಪ್ಯ ಷರತ್ತುಗಳ ಮೇಲೆ ರಾಜಿಯಾಯಿತು. ಹಣಕ್ಕಿಂತ 2013ರ ಆ ಎರಡು ಆಸನಗಳೇ ಹೆಚ್ಚು ಅರ್ಥಪೂರ್ಣವೆನ್ನಬೇಕು. ಅರವತ್ತೆರಡು ವರ್ಷಗಳ ತರುವಾಯ ‘ಕೊಡುವಿರಾ’ ಎಂದು ಕೇಳುವ, ಉತ್ತರಕ್ಕಾಗಿ ಕಾಯುವ ಕ್ರಮವೊಂದು ಅಲ್ಲಿ ಆರಂಭವಾಯಿತು.

ರೋಗಗಳ ಒಳಮರ್ಮವನ್ನು ಅರಿಯಬೇಕಾದರೆ ಮನುಷ್ಯರ ರಕ್ತ, ಅಂಗಾಂಶಗಳು ಮುಂದೆಯೂ ಬೇಕು. ಅವನ್ನು ಕೊಡುವುದು ನಿಸ್ಸಂದೇಹವಾಗಿ ಪುಣ್ಯಕಾರ್ಯ. ಆದರೆ ರೋಗಿಯ ಮುಂದೆ ಸಹಿಗಾಗಿ ಕಾಗದ ಹಿಡಿಯುವವರು ಅದರಲ್ಲಿ ಬರೆದಿರುವುದನ್ನು ಅವನ ಭಾಷೆಯಲ್ಲಿ, ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿದರೇ? ಚಿಕಿತ್ಸಾಲಯ ನಡೆಸುವವರೂ ಅವಕ್ಕೆ ಧನ ನೀಡುವವರೂ ಮೊದಲು ವಿಚಾರಿಸಬೇಕಾದುದು ಇದನ್ನು. ಅರಿಯದವನ ಸಹಿ ಸಮ್ಮತಿಯಲ್ಲ. ಲೋಪದೋಷಗಳಿದ್ದರೂ ಸ್ಕ್ಲೂಟ್ ಅವರ ಗ್ರಂಥವು ಈ ಸತ್ಯವನ್ನು ಒಂದು ಬಡ ಮನೆಯ ಮೂರು ತಲೆಮಾರುಗಳ ಬದುಕಿನ ಮೂಲಕ ಮನಸ್ಸಿಗೆ ನಾಟುವಂತೆ ಹೇಳುತ್ತದೆ. ಮನೆಯಲ್ಲಿ ಹಿರಿಯರೂ ಕಿರಿಯರೂ ಕೂಡಿ ಓದಿ ಚರ್ಚಿಸಲು ತಕ್ಕ ಕೃತಿಯಿದು.