ಎರಡು ಬಾಟ್ಲಿ ಕೂಡಿಸಿದರೆ ಶರಬತ್ತಾದೀತೆ?

ಪಾನೀಯದ ಬಾಟ್ಲಿಗಳು ಒಂದಕ್ಕೊಂದು ಕೂಡುವಂತಿರಬೇಕು, ಒಂದರಲ್ಲಿ ಶರಬತ್ತಿನ ಪಾಕ, ಇನ್ನೊಂದರಲ್ಲಿ ಸೋಡಾ, ಎರಡನ್ನೂ ಬಾಯಿಗೆ ಬಾಯಿ ತಿರುಪಿ ಅಲ್ಲಾಡಿಸಿದರೆ ಕುಡಿಯೋದಕ್ಕೆ ತಯಾರು ಎಂಬ ವಿಚಾರವನ್ನು ಕಾಲೇಜಿಗೆ ಹೋಗುವ ಹುಡುಗರು ಆಗಾಗ ಹೇಳ್ತಾರೆ. ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಹುಡುಕೋ ಮಕ್ಕಳೂ ಇದನ್ನು ಮಾಡಬಹುದಾ ಅಂತ ಮೇಷ್ಟ್ರನ್ನ ಕೇಳ್ತಾರೆ. ಕೇಳೋದಕ್ಕೆ ಚೆಂದ ಅದೆ. ಆದರೆ ಚೆಂದ ಅನ್ನಿಸಿದ್ದಕ್ಕೆಲ್ಲ ತಲೆಯಾಡಿಸಿಬಿಟ್ಟರೆ ಹುಡುಗರಿಗೇ ನಷ್ಟ. ಒಂದು ನಾಟಕ ನೋಡಿ ಬಂದು ನಾಲ್ಕು ಮಾತು ಆಡುವಂತೆ ಒಂದು ಬಾಟ್ಲಿಯ ಬಗ್ಗೆಯೂ ಆಡಬಹುದು. ಮಾಡಿದವನು ಏನು ಮಾಡಹೊರಟ, ಅದು ಕೈಗೂಡಿತೆ, ಕೈಗೂಡಿದರೂ ಯಾರಿಗೆ ಬೇಕಿತ್ತು ಎಂದು ಕೇಳುವುದೇ ಇಲ್ಲಿನ ಕೆಲಸ.

ಹೋಲಿಸಿ ನೋಡೋದಕ್ಕೆ ದೂರ ಹೋಗಬೇಕಿಲ್ಲ. ಆದೋನಿ ಕಡೆಯವರಿಗೆ ಗೋಲಿ ಸೋಡಾ ಗೊತ್ತು. ಅದನ್ನು ನಾವು ಹಳ್ಳಿ ಸಾಮಾನು ಅಂದುಕೊಂಡಿದ್ದೇವೆ. ಅದರ ಮೂಲ ಇಂಗ್ಲೆಂಡ್. ಹಿರಮ್ ಕಾಡ್ ಎಂಬಾತ 1872ರ ಸುಮಾರಿಗೆ ಅದಕ್ಕೆ ಪೇಟೆಂಟ್ ಪಡೆದ. ಅಲ್ಲಿ ಅದು ಯಾವತ್ತೋ ಮೂಲೆ ಸೇರಿತು. ಜಪಾನಿನಲ್ಲಿ ರಾಮುನೆ ಎಂಬ ಹೆಸರಿನಲ್ಲಿ ಮಕ್ಕಳು ಇನ್ನೂ ಕುಡೀತಾರೆ, ನಮ್ಮಲ್ಲಿ ಬಿಸಿಲು ಏರಿದಾಗಲೆಲ್ಲ ದೊಡ್ಡವರೂ ಕುಡೀತಾರೆ.

ಆ ಬಾಟ್ಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನಿಧಾನವಾಗಿ ನೋಡ್ರಿ. ಬಾಯೊಳಗೆ ಒಂದು ರಬ್ಬರ್ ಉಂಗುರ, ಕೊರಳೊಳಗೆ ಗಾಜಿನ ಗೋಲಿ. ತುಂಬುವಾಗ ಬಾಟ್ಲಿಯನ್ನು ತಲೆಕೆಳಗು ಮಾಡ್ತಾರೆ. ಗೋಲಿ ಬಾಯಿಗೆ ಬಂದು ಬೀಳುತ್ತದೆ, ಒಳಗಿನ ಗ್ಯಾಸು ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಬೇರೆ ಮುಚ್ಚಳವೇ ಬೇಡ, ಒಳಗಿರುವುದೇ ತನ್ನನ್ನು ತಾನು ಮುಚ್ಚಿಕೊಳ್ಳುತ್ತದೆ. ಮೇಲಿಂದ ಒತ್ತಿದರೆ ಗೋಲಿ ಕೆಳಗೆ ಜಾರುತ್ತದೆ, ಆದರೆ ಕೊರಳಿನ ಕೆಳಗೆ ಗಾಜನ್ನು ಕಿರಿದು ಮಾಡಿರೋದರಿಂದ ತಳಕ್ಕೆ ಬೀಳೋದಿಲ್ಲ. ಕೊರಳಿನ ಒಂದು ಮಗ್ಗುಲಿಗೆ ಎರಡು ಗುಳಿ ಇರುತ್ತವೆ. ಆ ಮಗ್ಗುಲು ಕೆಳಗೆ ಬರುವಂತೆ ಬಾಟ್ಲಿ ವಾಲಿಸಿದರೆ ಗೋಲಿ ಅಲ್ಲಿ ತಡೆದು ಕೂರುತ್ತದೆ, ಸೋಡಾ ಸರಾಗ ಬರುತ್ತದೆ. ತಿರುವುಮುರುವು ಹಿಡಿದರೆ ಗೋಲಿ ಓಡಿಬಂದು ಬಾಯಿ ಕಟ್ಟುತ್ತದೆ. ಹೊಸಬರು ಕುಡಿಯುವಾಗ ಪಡುವ ಪರದಾಟಕ್ಕೆ ಇದೇ ಕಾರಣ. ಸೋಡಾ ಅಂಗಡಿಯವನ ಕೈ ನೋಡದೇನೇ ಆ ಗುಳಿ ಹುಡುಕುತ್ತದೆ.

ಈಗ ಇಂಥ ಎರಡು ಬಾಟ್ಲಿ ತಗೊಂಡು ಬಾಯಿಗೆ ಬಾಯಿ ಇಟ್ಟು ಮೇಲಿನದನ್ನು ನೆಟ್ಟಗೆ ಬೋರಲು ಮಾಡಿದರೆ ಏನಾಗುತ್ತದೆ? ಮೇಲಿನ ಗೋಲಿ ಬಾಯಿಗೆ ಬಂದು ಕೂತು ದಾರಿ ಕಟ್ಟುತ್ತದೆ. ಈ ಬಾಟ್ಲಿ ಇನ್ನೊಂದರ ಜೊತೆ ಕೂಡೋದಕ್ಕೆ ಒಪ್ಪೋದೇ ಇಲ್ಲ. ಹಾಗಿದ್ದೂ ಬೆರೆಸಿ ಕುಡಿಯುವುದಕ್ಕೆ ಇಷ್ಟು ಕಾಲ ಇದೇ ಆಗಿಬಂದಿದೆ: ಉಪ್ಪು ಸೋಡಾ, ನಿಂಬೆ ಸೋಡಾ, ನನ್ನಾರಿ ಸೋಡಾ. ಬೆರೆಯೋದು ಗ್ಲಾಸಿನಲ್ಲಿ. ಕೂಡಿಸುವ ಕೆಲಸವನ್ನು ಬಾಟ್ಲಿಯ ತಲೆಗೆ ಕಟ್ಟದೆ ಗ್ಲಾಸಿಗೂ ಕೈಗೂ ಬಿಟ್ಟಿದ್ದಾರೆ. ಕೂಡುವ ಬಾಟ್ಲಿಯನ್ನು ನಾನು ಅಳೆಯುವುದು ಈ ಗ್ಲಾಸಿನ ಪಕ್ಕ ಇಟ್ಟು.

ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಪರೀಕ್ಷೆ ಸುಲಭ. ಕೂಲ್‌ಡ್ರಿಂಕ್ ಬಾಟ್ಲಿಗಳ ಕೊರಳು ಸಾಮಾನ್ಯವಾಗಿ 28 ಮಿಲಿಮೀಟರ್ ಅಳತೆಯದು, ಕಂಪನಿ ಯಾವುದಾದರೂ ಮುಚ್ಚಳ ಬಹುಪಾಲು ಹೊಂದುತ್ತದೆ. ಆದರೆ ತಿರುಪಿನ ಸುತ್ತು ಎರಡು ಬಾಟ್ಲಿಗೂ ಹೊರಗಡೆಯೇ ಇರುವುದರಿಂದ ಒಂದು ಇನ್ನೊಂದರೊಳಗೆ ಹೋಗುವುದಿಲ್ಲ, ನಡುವೆ ಒಂದು ಕೊಂಡಿ ಬೇಕು. ಎರಡು ಮುಚ್ಚಳಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ನಡುವೆ ತೂತು ಕೊರೆದರೆ ಕೊಂಡಿ ಆಯಿತು. ಶಾಲೆಗಳಲ್ಲಿ ಸುಳಿಗಾಳಿ ತೋರಿಸುವುದಕ್ಕೆ ಮೇಷ್ಟ್ರುಗಳು ಮಾಡಿಸೋದು ಇದನ್ನೇ. ನೀರು ತುಂಬಿದ ಬಾಟ್ಲಿ ಮೇಲೆ, ಖಾಲಿ ಬಾಟ್ಲಿ ಕೆಳಗೆ. ಸುಮ್ಮನೆ ಹಿಡಿದರೆ ನೀರು ಇಳಿಯೋದಿಲ್ಲ. ಬುಳಕ್ ಅಂತ ಒಂದಿಷ್ಟು ಬಿದ್ದು ನಿಂತುಬಿಡುತ್ತದೆ, ಯಾಕಂದರೆ ಕೆಳಗಿನ ಗಾಳಿಗೆ ಮೇಲೆ ಹೋಗುವ ದಾರಿ ಇಲ್ಲ. ಬಾಟ್ಲಿಯನ್ನು ಗಿರ್ರನೆ ತಿರುವಿದರೆ ನೀರು ಸುಳಿಯಾಗಿ ನಡುವೆ ಗಾಳಿಗೆ ಜಾಗ ಬಿಡುತ್ತದೆ, ಆಗ ಸರಸರ ಇಳಿಯುತ್ತದೆ.

ಖಾಲಿ ಬಾಟ್ಲಿಗೇ ಇಷ್ಟು ತಕರಾರು. ಎರಡೂ ತುಂಬಿದ್ದರೆ ಹೇಗೆ? ಅಲ್ಲಾಡಿಸಿ ಬೆರೆಸುವುದಕ್ಕೆ ಒಳಗೆ ಖಾಲಿ ಜಾಗ ಬೇಕು. ಮುಕ್ಕಾಲು ತುಂಬಿದ ಚೊಂಬಿನಲ್ಲಿ ಮಜ್ಜಿಗೆ ಕಲಸಬಹುದು, ಅಂಚಿನ ತನಕ ತುಂಬಿದರೆ ಆಗುವುದಿಲ್ಲ ಅನ್ನೋದು ನಮ್ಮ ಹೆಂಗಸರಿಗೆ ಗೊತ್ತಿರೋ ಮಾತು. ಪಾಕ ಇರುವ ಬಾಟ್ಲಿ ಕೆಳಗಿದ್ದರಂತೂ ಏನೂ ನಡೆಯೋದಿಲ್ಲ. ಗಟ್ಟಿ ಸಕ್ಕರೆ ಪಾಕ ಲೀಟರಿಗೆ ಸುಮಾರು 1.3 ಕಿಲೋ ತೂಗುತ್ತದೆ, ಸೋಡಾ ಒಂದು ಕಿಲೋ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಎರಡೂ ತಮ್ಮ ತಮ್ಮ ಮನೆಯಲ್ಲಿ ಸುಖವಾಗಿರುತ್ತವೆ. ತಿರುಗಿಸಿ ಪಾಕವನ್ನು ಮೇಲೆ ತಂದರೆ ಅದು ಆ ಸಣ್ಣ ತೂತಿನಲ್ಲಿ ಎಳೆಯೆಳೆಯಾಗಿ ಇಳಿಯುತ್ತದೆ. ನೋಡೋದಕ್ಕೆ ಚೆಂದ. ಬಾಯಾರಿದವನು ಆ ಚೆಂದ ನೋಡುತ್ತ ಎಷ್ಟು ಹೊತ್ತು ಕಾಯಬೇಕು?

ಸರಿ, ಜೋರಾಗಿ ಅಲ್ಲಾಡಿಸೋಣ ಅಂದರೆ ಅಲ್ಲಿ ಗ್ಯಾಸಿನ ಕಾಟ. ಒಂದು ಲೀಟರ್ ನೀರು 0 ಡಿಗ್ರಿಯಲ್ಲಿ ಸಾಮಾನ್ಯ ಒತ್ತಡಕ್ಕೆ ಸುಮಾರು 1.7 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಗೆ ಅದು 0.9 ಲೀಟರ್ ಹತ್ತಿರ, 40 ಡಿಗ್ರಿಗೆ ಅರ್ಧ ಲೀಟರ್ ಚಿಲ್ಲರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ವಿಶೇಷವಲ್ಲ. ಬಿಸಿಲಿಗೆ ಕಾದ ಸೋಡಾದ ಬಾಯಿ ಬಿಚ್ಚಿ, ಕೊಂಡಿಗೆ ತಿರುಪಿ, ಅಲ್ಲಾಡಿಸಿದರೆ ಗ್ಯಾಸೆಲ್ಲ ನೀರು ಬಿಟ್ಟು ಮೇಲೇಳುತ್ತದೆ. ಬಿಚ್ಚಿದ ಗಳಿಗೆಗೆ ಅರ್ಧ ಪಾನೀಯ ಅಂಗಿಯ ಮೇಲೆ, ಉಳಿದರ್ಧದಲ್ಲಿ ಚುರುಕೇ ಇಲ್ಲ. ಸೋಡಾ ಅಂಗಡಿಯವನು ಪಾಕವನ್ನು ಗ್ಲಾಸಿನ ತಳಕ್ಕೆ ಮೊದಲು ಹಾಕಿ ಸೋಡಾವನ್ನು ಅದರ ಮೇಲೆ ಹೊಯ್ಯೋದು ಸುಮ್ಮನೆ ಅಲ್ಲ. ಬೀಳುವ ಸೋಡಾವೇ ಪಾಕವನ್ನು ಎಬ್ಬಿಸಿ ಕಲಸುತ್ತದೆ, ಗ್ಯಾಸು ತುಸುವೇ ಹೋಗುತ್ತದೆ, ಗುಳ್ಳೆ ಬಾಯಿಗೆ ಬರುವ ಹೊತ್ತಿಗೆ ಗ್ಲಾಸು ಕೈಗೆ ಬಂದಿರುತ್ತದೆ.

ಇವೆಲ್ಲ ಸಣ್ಣ ತಪ್ಪು, ಒಳ್ಳೆ ಕಾರೀಗರ ತಿದ್ದಿಯಾನು. ತೂತು ಅಗಲ ಮಾಡಬಹುದು, ಗಾಳಿಗೆ ಬೇರೆ ನಳಿಗೆ ಇಡಬಹುದು. ತಿದ್ದಲಾಗದ ತಪ್ಪು ಬೇರೆ ಇದೆ. ಅದು ಪ್ರಮಾಣದ್ದು.

ನನ್ನಾರಿ ಶರಬತ್ತನ್ನೇ ತಗೋರಿ. ಕನ್ನಡದಲ್ಲಿ ಸೊಗದೆ ಬೇರು, ತೆಲುಗಿನಲ್ಲಿ ಸುಗಂಧಿ, ಶಾಸ್ತ್ರದ ಹೆಸರು ಹೆಮಿಡೆಸ್ಮಸ್ ಇಂಡಿಕಸ್. 1953ರ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು, ಆದರೂ ನಮ್ಮ ಮನೆಗಳಲ್ಲಿ ಈ ಬೇರಿಗೆ ಎರಡು ಮೂರು ಹೆಸರು ಇವತ್ತಿಗೂ ಒಟ್ಟಿಗೇ ನಡೀತವೆ. ಬೇರು ಕುದಿಸಿ, ಸಕ್ಕರೆ ಹಾಕಿ ಕಾಸಿದ ಪಾಕ ಕಪ್ಪಗೆ, ಗಟ್ಟಿಯಾಗಿ ಇರುತ್ತದೆ. ಗ್ಲಾಸಿಗೆ ಅದು ಎರಡು ಮೂರು ಚಮಚ ಸಾಕು, ಮೇಲೆ ಅರ್ಧ ಹೋಳು ನಿಂಬೆ, ನೆನೆಸಿದ ಕಾಮಕಸ್ತೂರಿ ಬೀಜ, ಮಿಕ್ಕಿದ್ದೆಲ್ಲ ನೀರು ಇಲ್ಲವೆ ಸೋಡಾ. ಒಂದು ಪಾಲಿಗೆ ಐದಾರು ಪಾಲು. ಒಂದೇ ಅಳತೆಯ ಎರಡು ಬಾಟ್ಲಿ ಕೂಡಿಸಿದರೆ ಬರುವುದು ಒಂದಕ್ಕೆ ಒಂದು. ಅದು ಶರಬತ್ತಲ್ಲ, ಔಷಧಿ. ಪಾಕದ ಬಾಟ್ಲಿಯನ್ನು ಚಿಕ್ಕದು ಮಾಡಿದರೆ ಪ್ರಮಾಣ ಸರಿಹೋಗಬಹುದು, ಆದರೆ ಆಗಲೂ ಅದು ಒಬ್ಬನಿಗೇ ಸರಿ. ಸಕ್ಕರೆ ಕಾಯಿಲೆ ಇರೋ ಅಜ್ಜ "ಪಾಕ ಕಮ್ಮಿ ಹಾಕಪ್ಪ" ಅಂತಾನೆ, ಹತ್ತಿ ಮೂಟೆ ಹೊತ್ತು ಬೆವೆತವನು "ಉಪ್ಪು ಜಾಸ್ತಿ ಬಿಡಣ್ಣ" ಅಂತಾನೆ, ಮಗುವಿಗೆ ತಾಯಿ ಗ್ಯಾಸೇ ಬೇಡ ಅಂತಾಳೆ. ಒಂದೇ ಗಾಡಿ, ಮೂರು ಮಾತು, ಮೂರು ಗ್ಲಾಸು. ಕಾರ್ಖಾನೆಯಲ್ಲಿ ಅಳತೆ ಕಟ್ಟಿಬಂದ ಜೋಡಿ ಬಾಟ್ಲಿಗೆ ಈ ಮಾತು ಕೇಳಿಸೋದಿಲ್ಲ. ಬೆರೆಸುವ ಸ್ವಾತಂತ್ರ್ಯ ಕೊಡ್ತೀವಿ ಅಂತ ಹೊರಟ ವಿನ್ಯಾಸ ಕುಡಿಯುವವನ ಕೈಯಲ್ಲಿದ್ದ ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳುತ್ತದೆ. ಮೇಲಾಗಿ ಒಂದು ಬಾಯಾರಿಕೆಗೆ ಎರಡು ಬಾಟ್ಲಿ ಮಾರುತ್ತದೆ. ಕುಡಿದಾದ ಮೇಲೆ ಆ ಎರಡೂ ಚರಂಡಿಗೆ. ಗೋಲಿ ಬಾಟ್ಲಿ ಹಾಗಲ್ಲ, ಸಂಜೆಗೆ ಅಂಗಡಿಗೇ ವಾಪಸ್ಸು ಹೋಗಿ ಬೆಳಗ್ಗೆ ಮತ್ತೆ ತುಂಬಿಕೊಂಡು ಬರುತ್ತದೆ.

ಬಾಟ್ಲಿಗಳನ್ನು ಕೂಡಿಸುವ ವಿಚಾರವೇ ಹುಚ್ಚು ಅಂತ ನಾನು ಹೇಳುತ್ತಿಲ್ಲ. ಹಾಲೆಂಡಿನ ಹೈನೆಕೆನ್ ಬಿಯರ್ ಕಂಪನಿಯ ಮಾಲೀಕ ಆಲ್ಫ್ರೆಡ್ ಹೈನೆಕೆನ್ 1960ರಲ್ಲಿ ಕುರಸಾವ್ ದ್ವೀಪಕ್ಕೆ ಹೋಗಿದ್ದಾಗ ಎರಡು ಸಂಗತಿ ನೋಡಿದ. ದಂಡೆಯ ತುಂಬ ತನ್ನದೇ ಖಾಲಿ ಬಾಟ್ಲಿಗಳು ಬಿದ್ದಿದ್ದವು, ಬಡವರಿಗೆ ಮನೆ ಕಟ್ಟಿಕೊಳ್ಳಲು ಸಾಮಾನು ಇರಲಿಲ್ಲ. ಜಾನ್ ಹಾಬ್ರಾಕೆನ್ ಎಂಬ ವಾಸ್ತುಶಿಲ್ಪಿಯಿಂದ ಚೌಕಾಕಾರದ ಬಾಟ್ಲಿ ಮಾಡಿಸಿದ. ಒಂದರ ಕೊರಳು ಇನ್ನೊಂದರ ತಳದ ಗುಳಿಗೆ ಹೊಂದುತ್ತದೆ, ಇಟ್ಟಿಗೆಯಂತೆ ಸಾಲು ಸಾಲು ಪೇರಿಸಿ ಗೋಡೆ ಎಬ್ಬಿಸಬಹುದು. 1963ರಲ್ಲಿ ಅವನ್ನು ತಯಾರಿಸಿದರು. ಅದು ದೊಡ್ಡದಾಗಿ ಬೆಳೆಯಲಿಲ್ಲ, ಹೈನೆಕೆನ್‌ನ ಸ್ವಂತ ಜಾಗದಲ್ಲಿ ಒಂದು ಪುಟ್ಟ ಮನೆ ಎದ್ದಿತು ಅಷ್ಟೆ. ಆದರೂ ಆ ವಿನ್ಯಾಸದ ಬಗ್ಗೆ ನನಗೆ ಗೌರವ ಇದೆ. ಬಾಟ್ಲಿ ಯಾಕೆ ಕೂಡಬೇಕು ಅನ್ನೋ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇತ್ತು. ಕುಡಿದಾದ ಮೇಲೆ ಏನು ಎಂದು ಮೊದಲೇ ಯೋಚಿಸಿದ್ದ.

ಗ್ಲಾಸಿನ ಪರ ಇಷ್ಟು ವಾದ ಮಾಡಿದವನು ಗ್ಲಾಸಿನ ದೋಷವನ್ನೂ ಹೇಳಬೇಕು. ಒಂದೇ ಬಕೆಟ್ಟಿನ ನೀರಿನಲ್ಲಿ ಐವತ್ತು ಗ್ಲಾಸು ಅದ್ದಿ ತೆಗೆಯುವ ಗಾಡಿಗಳು ಇವೆ. ಐಸ್ ಯಾವ ನೀರಿನದು ಅಂತ ಯಾರೂ ಕೇಳೋದಿಲ್ಲ. ಗೋಲಿ ಬಾಟ್ಲಿಯ ಕೊರಳಿನ ಗಂಟಿನಲ್ಲಿ, ರಬ್ಬರಿನ ಸಂದಿನಲ್ಲಿ ಬ್ರಷ್ ಹೋಗುವುದೇ ಕಷ್ಟ, ತೊಳೆಯೋದರಲ್ಲಿ ಸೋಮಾರಿತನ ಮಾಡಿದರೆ ಕೊಳೆ ಅಲ್ಲೇ ಕೂರುತ್ತದೆ. ಮುಚ್ಚಿದ ಎರಡು ಬಾಟ್ಲಿ ಕೂಡಿಸಿ ಕುಡಿದರೆ ಈ ಭಯ ಇರುವುದಿಲ್ಲ ಎಂದು ಹುಡುಗರು ವಾದ ಮಾಡಿದರೆ ಆ ಒಂದು ಮಾತಿಗೆ ನಾನು ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ಹರಿಯುವ ನೀರಿನ ನಲ್ಲಿ. ಗಾಡಿಗೆ ಕೊಳಾಯಿ ಇರುವ ಒಂದು ಡ್ರಮ್ಮು ಕಟ್ಟಿಕೊಟ್ಟರೂ ಆಗುತ್ತದೆ, ಹೊಸ ಬಾಟ್ಲಿಯೇ ಬೇಕಿಲ್ಲ.

ಪ್ರಮಾಣವನ್ನು ನಾಲಿಗೆಗೆ ಬಿಡಬಾರದ ಪಾನೀಯವೂ ಒಂದಿದೆ, ಹುಡುಗರ ತಲೆ ನಿಜವಾಗಿ ಓಡಬೇಕಾದ್ದು ಅಲ್ಲಿ. ಬೇಸಿಗೆಯಲ್ಲಿ ವಾಂತಿಭೇದಿ ಆದ ಮಗುವಿಗೆ ಕೊಡೋ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಲೆಕ್ಕದಲ್ಲಿ 20.5 ಗ್ರಾಂ ಪುಡಿಗೆ ಸರಿಯಾಗಿ ಒಂದು ಲೀಟರ್ ನೀರು. ಪೊಟ್ಟಣ ಒಡೆದು ಅರ್ಧ ಲೀಟರಿಗೆ ಪೂರ್ತಿ ಸುರಿದರೆ ಉಪ್ಪು ಎರಡರಷ್ಟಾಗಿ ಮಗುವಿಗೆ ಅಪಾಯ, ಎರಡು ಲೀಟರಿಗೆ ಹಾಕಿದರೆ ಗುಣ ಕಮ್ಮಿ. ಅಂಗಡಿಗಳಲ್ಲಿ ಒಂದು ಲೀಟರಿನ ಪೊಟ್ಟಣವೂ ಸಿಗುತ್ತದೆ, 200 ಮಿಲಿಲೀಟರಿನ ಸಣ್ಣ ಪೊಟ್ಟಣವೂ ಸಿಗುತ್ತದೆ. ಮೇಲಿನ ಬರಹ ಬಹಳ ಸಲ ಇಂಗ್ಲಿಷ್, ಓದಲು ಬಾರದ ತಾಯಿ "ಒಂದು ಚೊಂಬಿಗೆ ಒಂದು ಪೊಟ್ಟಣ" ಅಂತ ಲೆಕ್ಕ ಹಾಕಿಕೊಳ್ಳುತ್ತಾಳೆ. ಚೊಂಬು ಯಾರ ಮನೆಯಲ್ಲಿ ಎಷ್ಟು ದೊಡ್ಡದೋ! ಪೊಟ್ಟಣ ಸಿಗದಿದ್ದಾಗ ಮನೆಯಲ್ಲಿ ಮಾಡುವ ಲೆಕ್ಕವೂ ಅಷ್ಟೇ ನಿಖರ: ಒಂದು ಲೀಟರ್ ಶುದ್ಧ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಶರಬತ್ತಿನಲ್ಲಿ ಒಂದು ಚಮಚ ಹೆಚ್ಚಾದರೆ ಮುಖ ಹಿಂಡಿಕೊಂಡು ಕುಡೀಬಹುದು, ಇಲ್ಲಿ ಹಾಗಿಲ್ಲ.

ಕೂಡುವ ವಿನ್ಯಾಸಕ್ಕೆ ಇಲ್ಲಿ ನ್ಯಾಯವಾದ ಜಾಗ ಇದೆ. ಒಂದು ಲೀಟರಿನ ನೀರಿನ ಬಾಟ್ಲಿಗೆ ಮಾತ್ರ ಹೊಂದುವ ಮುಚ್ಚಳ, ಆ ಮುಚ್ಚಳದೊಳಗೇ ಒಂದು ಲೀಟರಿಗೆ ಬೇಕಾದ ಪುಡಿ. ತಿರುಪಿದರೆ ಪುಡಿ ನೀರಿಗೆ ಬೀಳಬೇಕು, ಸಣ್ಣ ಬಾಟ್ಲಿಗೆ ತಿರುಪಲು ಹೋದರೆ ಕೂಡಲೇಬಾರದು. ಗೋಲಿ ಬಾಟ್ಲಿ ತಪ್ಪು ಮಗ್ಗುಲಿಗೆ ಹಿಡಿದವನಿಗೆ ಸೋಡಾ ಕೊಡದೆ ಕೂರುತ್ತದಲ್ಲ, ಹಾಗೆ. ಮುಚ್ಚಳದಲ್ಲಿ ಪುಡಿ ಇಟ್ಟು ಮಾರುವ ಪಾನೀಯಗಳು ಹೊರಗಿನ ಪೇಟೆಗಳಲ್ಲಿ ಆಗಲೇ ಇವೆ, ಹಾಗಾಗಿ ಇದು ಆಗದ ಮಾತಲ್ಲ. ಅಷ್ಟು ಆಗುವ ತನಕ ಪ್ರದರ್ಶನದ ಮಾದರಿಗೆ ಇನ್ನೂ ಸರಳವಾದದ್ದು ಇದೆ. ಮಕ್ಕಳು ಮನೆಯಿಂದ ಚೊಂಬು, ಗ್ಲಾಸು, ಹಳೇ ಬಾಟ್ಲಿ ತರಲಿ. ಶಾಲೆಯ ಅಳತೆ ಜಾಡಿಯಿಂದ ನೀರು ಹೊಯ್ದು 200 ಮಿಲಿಲೀಟರಿಗೊಂದು, ಒಂದು ಲೀಟರಿಗೊಂದು ಗೆರೆಯನ್ನು ಅಳಿಸದ ಬಣ್ಣದಲ್ಲಿ ಹಾಕಲಿ, ಪಕ್ಕದಲ್ಲಿ ಸಣ್ಣ ಪೊಟ್ಟಣ, ದೊಡ್ಡ ಪೊಟ್ಟಣದ ಚಿತ್ರ ಬರೆಯಲಿ. ಆ ಚೊಂಬು ವಾಪಸ್ಸು ಅಡುಗೆಮನೆಗೆ ಹೋಗಲಿ.